ಸೌಟಮ್ಮ ಒಲೆ ಬೇರೆ ಮಾಡಿದ್ದು

ಚುರ್ ಎಂದು ಈರುಳ್ಳಿ ಎಣ್ಣೆಗೆ ಬಿದ್ದ ಸದ್ದು ಕೇಳಿಸಿತು.

ಪರದೆಯ ಈಚೆ, ಮಂಚದ ಮೇಲೆ ಕುತ್ತಿಗೆವರೆಗೆ ಹೊದ್ದು ಮಲಗಿದ್ದ ಸೌಟಮ್ಮ ಕಣ್ಣು ಮುಚ್ಚಿಕೊಂಡೇ ಆ ಸದ್ದಿನ ಜಾಡು ಹಿಡಿದಳು. ಈರುಳ್ಳಿ ಮೊದಮೊದಲು ಬಾಯ್ತುಂಬ ಮಾತಾಡುತ್ತದೆ. ಮೈಯಲ್ಲಿ ನೀರಿರುವ ತನಕ ಅದರ ಗಲಾಟೆ. ಆಮೇಲೆ ದನಿ ತಗ್ಗುತ್ತದೆ, ಪಿಸುಗುಡುತ್ತದೆ. ಆ ಪಿಸುಮಾತು ಕೇಳಿದ ಕೂಡಲೇ ಕೈಯಾಡಿಸಬೇಕು. ಅದು ಮುಗಿದು ಚಟಪಟ ಶುರುವಾಯಿತೋ, ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

ಈಗ ಪಿಸುಮಾತು ಶುರುವಾಗಿತ್ತು. ಆದರೆ ಕೈಯಾಡಿಸಬೇಕಾದ ಸೊಸೆ ಒಲೆಯ ಹತ್ತಿರ ಇರಲಿಲ್ಲ. ಅವಳು ಬಾಗಿಲ ಬಳಿ ನಿಂತು, ಆಹಾರ ಇಲಾಖೆಯಿಂದ ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರ್‌ಗೆ ಅತ್ತೆಯ ಕಾಯಿಲೆಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದಳು.

"ಕೈ ನಡುಗುತ್ತೆ ಮೇಡಂ. ಒಂದು ಕಣ್ಣು ಪೂರಾ ಮಂಜು. ಒಲೆ ಹತ್ತಿರ ನಾವು ಬಿಡೋದೇ ಇಲ್ಲ. ಒಂದು ಲೋಟ ನೀರು ಕಾಯಿಸೋಕೂ ಆಗಲ್ಲ ಅವರ ಕೈಲಿ."

ಮಂಚದ ಮೇಲೆ ಸೌಟಮ್ಮ ಹಲ್ಲು ಕಚ್ಚಿಕೊಂಡಳು. ನೀರು ಕಾಯಿಸೋಕೂ ಆಗಲ್ಲವಂತೆ.

ಸೌಟಮ್ಮ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ಡಿಪೋದ ಕ್ಯಾಂಟೀನಿನಲ್ಲಿ ಡ್ರೈವರುಗಳೂ ಕಂಡಕ್ಟರುಗಳೂ ಸೇರಿ ಇಟ್ಟದ್ದು. ಅಲ್ಲಿ ಅವಳು ಒಂದು ಆಯುಷ್ಯವನ್ನೇ ಬೇಯಿಸಿ ಕಳೆದಿದ್ದಳು. ಅಡುಗೆಯನ್ನು ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಅವಳಿಗೆ ಇರಲಿಲ್ಲ. ಕೊಪ್ಪರಿಗೆಯ ಪಕ್ಕ ತಲೆ ವಾಲಿಸಿ ಕೇಳುತ್ತಿದ್ದಳು, ಮಗುವಿನ ಎದೆಗೆ ಕಿವಿಯಿಟ್ಟ ವೈದ್ಯರ ಹಾಗೆ. ಕೇಳಿ ಆದಮೇಲೆ ಸೌಟಿನಿಂದ ಅಂಚಿಗೆ ಒಂದು ಪೆಟ್ಟು. ಆ ಪೆಟ್ಟು ಬಿದ್ದರೆ ಊಟ ತಯಾರು. ಆಚೆ ಅಂಗಳದಲ್ಲಿ ಇಂಜಿನ್‌ಗಳು ಒಂದೊಂದಾಗಿ ಬಾಯಿ ಮುಚ್ಚುತ್ತಿದ್ದವು. ಯಾರಾದರೂ ಅನ್ನ ಮುದ್ದೆಯಾಗಿದೆ ಎಂದು ಗೊಣಗಿದರೆ ಸೌಟಮ್ಮ ಸೌಟನ್ನು ಅವನ ಕಡೆ ಚಾಚಿ, "ನಿನ್ನ ಬಸ್ಸು ತಡ ಬಂದ್ರೆ ಅನ್ನ ನಿಂಗೋಸ್ಕರ ನಿಂತುಕೊಂಡಿರುತ್ತಾ?" ಎನ್ನುತ್ತಿದ್ದಳು. ಹಾಗೆಂದು, ತಡವಾಗಿ ಬರುವ ಬಸ್ಸಿನವರ ಪಾಲನ್ನು ಮುಚ್ಚಿಡದೆ ಅವಳು ಒಂದು ದಿನವೂ ಮನೆಗೆ ಹೋದವಳಲ್ಲ.

ಕ್ಯಾಂಟೀನು ಗುತ್ತಿಗೆಗೆ ಹೋಯಿತು. ಸೌಟಮ್ಮ ಮನೆಗೆ ಬಂದಳು. ಅವಳು ಬಂದ ಸ್ವಲ್ಪ ಕಾಲಕ್ಕೆ ಮಗ ಕಾಯಿಲೆಯಿಂದ ಹೋದ. ಉಳಿದವರು ಮೂವರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಸೊಸೆ, ಸ್ಕೂಲಿಗೆ ಹೋಗುವ ಮೊಮ್ಮಗಳು, ಸೌಟಮ್ಮ. ಒಂದೇ ಕೋಣೆ, ಮಧ್ಯೆ ಒಂದು ಪರದೆ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ.

ಕಾರ್ಡಿನ ವಿಷಯ ಹೀಗಿತ್ತು. ಬಡ ಮನೆಗಳಿಗೆ ಸರ್ಕಾರ ಒಂದು ಕಾರ್ಡು ಕೊಡುತ್ತಿತ್ತು. ತಿಂಗಳಿಗೊಮ್ಮೆ ಅದಕ್ಕೆ ದುಡ್ಡು ಬೀಳುತ್ತಿತ್ತು. ಅದರಲ್ಲಿ ಅಕ್ಕಿ, ಹಿಟ್ಟು, ಬೇಳೆ, ಎಣ್ಣೆ, ಹಾಲು, ತರಕಾರಿ ಕೊಳ್ಳಬಹುದು. ಸೋಪು ಕೊಳ್ಳುವಂತಿಲ್ಲ. ಬೇಯಿಸಿದ ತಿನಿಸು ಕೊಳ್ಳುವಂತಿಲ್ಲ. ಎಷ್ಟು ಬೀಳಬೇಕು, ಬೀಳಬೇಕೋ ಬೇಡವೋ ಎಂಬುದೆಲ್ಲ ಮನೆಯ ಗಳಿಕೆಯ ಮೇಲೆ. ಮನೆ ಅಂದರೆ ಯಾವುದು? ಒಂದೇ ಸೂರಿನಡಿ ಇದ್ದವರೆಲ್ಲ ಒಂದು ಮನೆಯಲ್ಲ. ಒಟ್ಟಿಗೆ ಕೊಂಡು, ಒಟ್ಟಿಗೆ ಬೇಯಿಸಿ ಉಣ್ಣುವವರು ಒಂದು ಮನೆ. ಇಷ್ಟು ದಿನ ಮೂವರದೂ ಒಂದೇ ಕಾರ್ಡು. ಸೊಸೆಗೆ ಲಾಂಡ್ರಿಯಲ್ಲಿ ಎರಡನೇ ಪಾಳಿ ಸಿಕ್ಕಿದ್ದೇ ತಡ, ಗಳಿಕೆ ಸರ್ಕಾರದ ಗೆರೆಯನ್ನು ಒಂದು ಕೂದಲೆಳೆಯಷ್ಟು ದಾಟಿತು. ಕಾರ್ಡು ಹೋಯಿತು. ಎರಡನೇ ಪಾಳಿಯ ಸಂಬಳವೆಲ್ಲ ಅಕ್ಕಿಬೇಳೆಗೇ ಸುರಿಯುವಂತಾಯಿತು. ಮೊದಲಿಗಿಂತ ಹೆಚ್ಚು ದುಡಿತ, ಮೊದಲಿಗಿಂತ ತೆಳ್ಳನೆಯ ಬೇಳೆ.

ದಾರಿ ತೋರಿಸಿದವನು ಕೆಳಗಿನ ಅಂತಸ್ತಿನ ಟೈಲರ್. ಬಟ್ಟೆಯನ್ನು ವಕ್ರವಾಗಿ ಕತ್ತರಿಸಿದರೂ ಕಾನೂನನ್ನು ನೇರವಾಗಿ ಕತ್ತರಿಸುತ್ತಾನೆ ಎಂದು ಇಡೀ ಕಟ್ಟಡ ಅವನನ್ನು ನಂಬಿತ್ತು.

"ನೋಡಿ ಅಮ್ಮ, ನಿಮಗೆ ಬರೋ ಪಿಂಚಣಿ ಬೆಕ್ಕಿನ ಹಾಲಿಗೂ ಸಾಲದು. ನಿಮ್ಮನ್ನ ಬೇರೆ ಮನೆ ಅಂತ ಬರೆದುಕೊಂಡರೆ ನಿಮಗೇ ಒಂದು ಕಾರ್ಡ್ ಬರುತ್ತೆ. ಅದಕ್ಕೆ ಎರಡು ದಾರಿ. ಒಂದು, ನೀವೇ ಬೇರೆ ಕೊಂಡು ಬೇರೆ ಬೇಯಿಸಿಕೊಳ್ಳೋದು. ಇನ್ನೊಂದು, ವಯಸ್ಸಾಗಿದೆ, ಕೈಲಾಗಲ್ಲ, ನನಗೆ ಬೇಯಿಸಿಕೊಳ್ಳೋಕೆ ಬರಲ್ಲ ಅನ್ನೋದು. ಆಗ ಒಂದೇ ಪಾತ್ರೆಯಲ್ಲಿ ಉಂಡರೂ ನೀವು ಬೇರೆ. ಎರಡನೇದೇ ಸಲೀಸು. ಸುಮ್ನೆ ಮಲಗಿದ್ರೆ ಆಯ್ತು. ಮಲಗೋದು ಯಾರಿಗೆ ಬರಲ್ಲ?"

"ನಂಗೆ ಬರಲ್ಲ," ಎಂದಿದ್ದಳು ಸೌಟಮ್ಮ.

"ಅತ್ತೆ, ಒಂದೇ ಒಂದು ಹೊತ್ತು," ಎಂದಿದ್ದಳು ಸೊಸೆ. ದಿನವಿಡೀ ಸೋಪುನೀರಿನಲ್ಲಿ ನೆನೆದು ಅವಳ ಬೆರಳುಗಳು ಬಿಳಿಚಿಕೊಂಡಿದ್ದವು. ಆ ಬೆರಳು ನೋಡಿ ಸೌಟಮ್ಮ ಒಪ್ಪಿದ್ದಳು. ಒಪ್ಪಿ, ಹೊದ್ದು, ಈಗ ಹೀಗೆ ಬಿದ್ದುಕೊಂಡಿದ್ದಳು.

ಪಿಸುಮಾತು ಮುಗಿಯಿತು. ಚಟ್ ಎಂದಿತು ಒಂದು ಚೂರು.

"ಆಮೇಲೆ ಮೇಡಂ, ರಾತ್ರಿ ನಿದ್ದೆನೂ..." ಸೊಸೆ ಹೇಳುತ್ತಲೇ ಇದ್ದಳು.

ಮತ್ತೊಂದು ಚಟ್. ಸುಟ್ಟ ವಾಸನೆಯ ಮೊದಲ ಎಳೆ ಪರದೆ ದಾಟಿ ಬಂದು ಸೌಟಮ್ಮನ ಮೂಗಿಗೆ ತಾಗಿತು. ಆಮೇಲೆ ಏನಾಯಿತೆಂದು ಅವಳನ್ನು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಹೊದಿಕೆ ನೆಲದಲ್ಲಿತ್ತು, ಪರದೆ ಒಂದು ಕಡೆಗೆ ಹರಿದುಹೋದ ಹಾಗೆ ಸರಿದಿತ್ತು, ಸೌಟು ಅವಳ ಕೈಯಲ್ಲಿತ್ತು. ಉರಿ ತಗ್ಗಿಸಿದಳು. ಒಂದು ಚಿಮುಕು ನೀರು ಚಿಮುಕಿಸಿದಳು. ಕೈ ನಡುಗುತ್ತಿತ್ತು ನಿಜ, ಆದರೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು ನಡುಕವನ್ನೇ ಕೈಯಾಡಿಸಲು ಬಳಸಿಕೊಂಡಳು. ಆಲೂಗಡ್ಡೆ ಸುರಿದು, ತಲೆ ವಾಲಿಸಿ ಕೇಳಿ, ಮುಚ್ಚಳ ಮುಚ್ಚಿ, ಅಂಚಿಗೊಂದು ಪೆಟ್ಟು ಕೊಟ್ಟು ತಿರುಗಿದಾಗ ಇಬ್ಬರು ಹೆಂಗಸರು ಅವಳನ್ನೇ ನೋಡುತ್ತ ನಿಂತಿದ್ದರು.

ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವಳು. ಮೆಟ್ಟಿಲು ಹತ್ತಿ ಬಂದ ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ. ಮುಖದಲ್ಲಿ ಗೆದ್ದ ಖುಷಿಯಾಗಲಿ ಸಿಟ್ಟಾಗಲಿ ಕಾಣಲಿಲ್ಲ.

"ಅಜ್ಜಿ, ಚೆನ್ನಾಗಿ ಮಾಡ್ತೀರಲ್ಲ," ಎಂದಳು.

"ಚೆನ್ನಾಗಿ ಅಲ್ಲ ಮಗಳೇ. ಹೆಂಗೆ ಮಾಡಬೇಕೋ ಹಂಗೆ ಮಾಡ್ತೀನಿ."

"ಹಾಗಾದ್ರೆ ಬೇಯಿಸಿಕೊಳ್ಳೋಕೆ ಬರುತ್ತೆ ಅಂತಲೇ ಬರೀಬೇಕಾಗುತ್ತೆ ನಾನು."

ಸೊಸೆ ಕಣ್ಣಲ್ಲೇ ಬೇಡಿಕೊಂಡಳು. ಕೂತ್ಕೊಳ್ಳಿ ಅತ್ತೆ, ಬವಳಿ ಬಂತು ಅನ್ನಿ, ಏನಾದರೂ ಅನ್ನಿ. ಸೌಟಮ್ಮ ಅತ್ತ ನೋಡಲಿಲ್ಲ. "ಬರ್ಕೋ," ಎಂದಳು. "ದೊಡ್ಡ ಅಕ್ಷರದಲ್ಲಿ ಬರ್ಕೋ."

ಇಲಾಖೆಯ ಕಾಗದ ಬಂದಾಗ ಓದಿ ಹೇಳಿದವನು ಟೈಲರ್. ಅರ್ಜಿದಾರಳು ಸ್ವತಃ ಅಡುಗೆ ಮಾಡಬಲ್ಲಳು, ಸೊಸೆಯೊಂದಿಗೆ ಒಂದೇ ಒಲೆ, ಆದ್ದರಿಂದ ಬೇರೆ ಮನೆಯಲ್ಲ, ಕಾರ್ಡ್ ಇಲ್ಲ. ಟೈಲರ್ ಬಾಯಲ್ಲಿದ್ದ ಸೂಜಿ ತೆಗೆದು ನಿಟ್ಟುಸಿರು ಬಿಟ್ಟ. "ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ. ನಿಮ್ಮದು ಅದಕ್ಕೂ ಮೇಲೆ ಅಮ್ಮ. ಕಣ್ಣು ಮುಚ್ಚಿಕೊಳ್ಳಿ ಅಂದ್ರೆ ತೆರೆದು ಕೂತ್ರಿ."

ಸೊಸೆ ಬೈದಿದ್ದರೆ ಸೌಟಮ್ಮನಿಗೆ ಸಮಾಧಾನವಾಗುತ್ತಿತ್ತು. ಅವಳು ಬೈಯಲಿಲ್ಲ. ಎರಡು ದಿನ ತಟ್ಟೆ ಇಡುವಾಗ ಸದ್ದು ಮಾಡಿದಳು, ಅಷ್ಟೇ. ಮೂರನೆಯ ದಿನ ಮೊಮ್ಮಗಳ ಹಾಲಿಗೆ ನೀರು ಬೆರೆಸುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ಒಂದು ಈರುಳ್ಳಿ ಸೀದಿದ್ರೆ ಏನಾಗ್ತಿತ್ತು ಅತ್ತೆ?"

"ಈರುಳ್ಳಿ ಸೀಯುತ್ತೆ ಅಂತ ಎದ್ದೆ ಅಂದ್ಕೊಂಡಿದೀಯಾ?" ಸೌಟಮ್ಮ ಮಂಚದಿಂದ ಎದ್ದು ಕುಳಿತಳು. "ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ. ಕುಣಿಯೋಕೆ ಬರೋ ನನ್ನ ಬಾಯಲ್ಲಿ ಬರಲ್ಲ ಅನ್ನಿಸ್ತೀರಲ್ಲೇ. ಕೈ ನಡುಗಲಿ, ಕಣ್ಣು ಹೋಗಲಿ. ನನ್ನ ಹತ್ರ ಉಳಿದಿರೋದೇ ಅದೊಂದು. ಅದನ್ನೂ ಕೊಟ್ಟು ಅಕ್ಕಿ ತಗೊಳ್ಳೋದಾ?"

"ಹೊಟ್ಟೆಗೆ ಗೊತ್ತಾಗುತ್ತಾ ಅತ್ತೆ, ಬರುತ್ತೆ, ಬರಲ್ಲ ಅನ್ನೋದು?"

ಆ ಮಾತು ಸೌಟಮ್ಮನೊಳಗೆ ಇಳಿದು ಅಲ್ಲೇ ಕುಳಿತಿತು. ಹೊಟ್ಟೆಯ ಮಾತಿಗೆ ಎದುರಾಡಿ ಗೆದ್ದವಳಲ್ಲ ಅವಳು. ಸಂಜೆಯವರೆಗೂ ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆಯ ಗೋಡೆ ನೋಡಿದಳು. ಸೊಸೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ಸೌಟಮ್ಮ ಹೇಳಿದಳು.

"ನನಗೆ ಬೇಯಿಸೋಕೆ ಬರುತ್ತೆ ಅಂತ ಸರ್ಕಾರವೇ ಬರೆದುಕೊಟ್ಟಿದೆ. ಸರಿ ಹಾಗಾದ್ರೆ. ಬೇಯಿಸ್ಕೊಳ್ತೀನಿ. ನಾಳೆಯಿಂದ ನನ್ನ ಒಲೆ ಬೇರೆ."

ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು ಸೊಸೆ ಹಾಗೇ ನಿಂತಳು. ಮನೆ ಒಡೆಯಿತು ಅನ್ನುವುದಕ್ಕೆ ಜನ ಬೇರೆ ಮಾತು ಹುಡುಕುವುದಿಲ್ಲ, ಒಲೆ ಬೇರೆಯಾಯಿತು ಅನ್ನುತ್ತಾರೆ. ಅಣ್ಣತಮ್ಮಂದಿರು ಜಗಳವಾಡಿದರೆ ಒಲೆ ಬೇರೆ. ಅತ್ತೆ ಸೊಸೆ ಮುಖ ನೋಡದಂತಾದರೆ ಒಲೆ ಬೇರೆ.

"ಅವರು ಹೋದಾಗ ನನ್ನ ಅಣ್ಣ ಬಂದು ಕರೆದ," ಎಂದಳು ಸೊಸೆ ನಿಧಾನವಾಗಿ. "ಮಗೂನ ಕರ್ಕೊಂಡು ಬಾ, ಮುದುಕಿನ ಬಿಡು ಅಂದ. ನಾನು ಬಿಟ್ಟೆನಾ? ಈಗ ನೀವು ನನ್ನ ಬಿಡ್ತೀರಾ?"

"ಎಲ್ಲಿಗೆ ಹೋಗ್ತಿದೀನೇ ಹುಚ್ಚಿ. ಅಲ್ಲಿಂದ ಇಲ್ಲಿಗೆ." ಸೌಟಮ್ಮ ಕಟ್ಟೆಯ ಮೇಲಿನ ಒಲೆಯನ್ನೂ ಕಿಟಕಿಯ ಕೆಳಗಿನ ಖಾಲಿ ಮೂಲೆಯನ್ನೂ ತೋರಿಸಿದಳು. "ಕೂಗಿದ್ರೆ ಕೇಳಿಸುತ್ತೆ. ಕೂಗದಿದ್ರೂ ಕೇಳಿಸುತ್ತೆ."

"ಜನ ಏನಂತಾರೆ?"

"ಅಂದ್ಕೊಳ್ಳಲಿ. ಅಂದವರ ಬಾಯಿಂದ ಅಕ್ಕಿ ಉದುರಿದ್ರೆ ಆರಿಸ್ಕೋ."

ಟೈಲರನಿಗೆ ಸುದ್ದಿ ಮುಟ್ಟಿದ್ದೇ ತಡ, ಓಡಿಬಂದ. ಅವನಿಗೆ ಖುಷಿಯೋ ಖುಷಿ. "ಸೂಪರ್ ಅಮ್ಮ. ಒಂದು ಹಳೇ ಒಲೆ ತಂದಿಡಿ. ಹಚ್ಚೋದೇನೂ ಬೇಡ. ಅವರು ಬಂದ ದಿನ ಮಾತ್ರ ಹಚ್ಚಿ ತೋರಿಸಿದ್ರೆ ಮುಗೀತು. ನಮ್ಮ ಕಟ್ಟಡದಲ್ಲೇ ನಾಲ್ಕು ಒಲೆ ಹಂಗಿವೆ, ಪಳಪಳ ಅಂತಿವೆ."

"ಹಚ್ಚದ ಒಲೆ ಇಟ್ಕೊಳ್ಳೋದು ಸತ್ತವರ ಚಪ್ಪಲಿ ಇಟ್ಕೊಂಡ ಹಾಗೆ ಟೈಲರಪ್ಪ. ನಾನು ಮಲಗಿ ಒಂದು ಸಲ ನಾಟಕ ಆಡಿದೆ, ಸಾಕು. ಬೇರೆ ಅಂದ್ರೆ ಬೇರೆ."

ಬೇರೆ ಅಂದರೆ ಬೇರೆಯೇ ಆಯಿತು. ಗುಜರಿಯಿಂದ ತಂದ ಪುಟ್ಟ ಒಲೆಯನ್ನು ಕಿಟಕಿಯ ಕೆಳಗೆ ನೆಲದ ಮೇಲೇ ಇಟ್ಟುಕೊಂಡಳು, ಕುಳಿತು ಬೇಯಿಸಿದರೆ ಮೊಣಕೈಗೆ ಮೊಣಕಾಲಿನ ಆಸರೆ ಸಿಗುತ್ತದೆಂದು. ತನ್ನ ಪಿಂಚಣಿಯಲ್ಲಿ ತಾನೇ ಅಂಗಡಿಗೆ ಹೋಗಿ ಬೇಳೆ ತಂದಳು, ಉಪ್ಪಿನ ಡಬ್ಬಿ ಬೇರೆ ಮಾಡಿದಳು. ಮರುಪರಿಶೀಲನೆಗೆ ಅರ್ಜಿ ಹಾಕಿಸಿದಳು.

ಅವಳು ನೆನೆಸದೇ ಇದ್ದ ಪೇಚು ಒಂದಿತ್ತು. ಇಡೀ ಡಿಪೋಗೆ ಕಣ್ಣಳತೆಯಲ್ಲಿ ಉಪ್ಪು ಎರಚಿದ ಕೈಗೆ ಒಬ್ಬಳಿಗೆ ಎಷ್ಟು ಉಪ್ಪು ಎಂಬುದು ಗೊತ್ತಿರಲಿಲ್ಲ. ಮೊದಲ ದಿನದ ಬೇಳೆ ಬಾಯಿಗೆ ಇಡಲಾಗದಷ್ಟು ಉಪ್ಪು. ಸರಿಮಾಡಲು ನೀರು ಹೊಯ್ದಳು, ನೀರಾಯಿತೆಂದು ಬೇಳೆ ಹಾಕಿದಳು, ಬೇಳೆಗೆ ತಕ್ಕ ಆಲೂಗಡ್ಡೆ ಹಾಕಿದಳು. ಕಡೆಗೆ ಪಾತ್ರೆ ತುಂಬಿ ಅಂಚಿಗೆ ಬಂತು. ಸಣ್ಣ ಪಾತ್ರೆ ತಂದಳು, ಅದೂ ತುಂಬಿತು. ಕೊಪ್ಪರಿಗೆಯ ಸದ್ದಿಗೆ ಒಗ್ಗಿದ ಕಿವಿಗೆ ಈ ಚಿಕ್ಕ ಪಾತ್ರೆಯ ಗುಸುಗುಸು ಅರ್ಥವೇ ಆಗುತ್ತಿರಲಿಲ್ಲ. ತನಗೊಬ್ಬಳಿಗೆ ಬೇಯಿಸಿಕೊಳ್ಳುವ ವಿದ್ಯೆಯನ್ನು ಅವಳು ಬದುಕಿನಲ್ಲಿ ಕಲಿತೇ ಇರಲಿಲ್ಲ. ಕಲಿಯುವ ಸಂದರ್ಭ ಬಂದಿರಲಿಲ್ಲ.

ಮಿಕ್ಕದ್ದನ್ನು ಮರುದಿನ ಉಂಡಳು, ಅದರ ಮರುದಿನವೂ ಉಂಡಳು. ಒಂದೇ ಕೋಣೆಯಲ್ಲಿ ಇತ್ತ ಮುಖ ಮಾಡಿ ಇವಳು, ಅತ್ತ ಮುಖ ಮಾಡಿ ಅವರು. ಬೆನ್ನಿಗೆ ಬೆನ್ನು ಕೊಟ್ಟು ಉಣ್ಣುವಾಗ ಅನ್ನ ಗಂಟಲಲ್ಲಿ ನಿಂತು ನಿಂತು ಇಳಿಯುತ್ತದೆ ಎಂಬುದು ಅವಳಿಗೆ ಆಗ ತಿಳಿಯಿತು.

ಆ ಬೆನ್ನುಗಳ ನಡುವೆ ಮೊದಲು ದಾಟಿ ಬಂದದ್ದು ಮೊಮ್ಮಗಳು. ತಟ್ಟೆ ಹಿಡಿದುಕೊಂಡೇ ಬಂದು ಅಜ್ಜಿಯ ಪಾತ್ರೆಗೆ ಇಣುಕಿದಳು.

"ಅಜ್ಜಿ, ನಿಮ್ಮ ಮನೇಲಿ ಏನಡುಗೆ?"

"ಬೇಳೆ, ಆಲೂಗಡ್ಡೆ. ನಿಮ್ಮನೇಲಿ?"

"ಬೇಳೆ. ಆಲೂಗಡ್ಡೆ ಇಲ್ಲ."

"ನೆಂಟರು ಬಂದ್ರೆ ಹಂಗೇ ಕಳಿಸೋಕಾಗುತ್ತಾ? ಕೂತ್ಕೋ."

ಸೊಸೆ ತಿರುಗಿ ನೋಡಿದಳು. "ಅತ್ತೆ, ಇಲಾಖೆಯವರಿಗೆ ಗೊತ್ತಾದ್ರೆ?"

"ಗೊತ್ತಾಗಲಿ," ಎಂದು ಸೌಟಮ್ಮ ಮಗುವಿನ ಬಾಯಿಗೆ ತುತ್ತಿಟ್ಟಳು. ಆವತ್ತು ಅವಳಿಗೆ ಅನ್ನ ಸರಾಗವಾಗಿ ಇಳಿಯಿತು.

ಅದೇ ಇನ್‌ಸ್ಪೆಕ್ಟರ್ ಮತ್ತೆ ಬಂದಳು. ಎರಡು ಒಲೆ ನೋಡಿದಳು. ಕಿಟಕಿಯ ಕೆಳಗಿನ ಗೋಡೆಗೆ ಹತ್ತಿದ ಮಸಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಬೆರಳು ಕಪ್ಪಾದದ್ದಕ್ಕೆ ಒಳಗೊಳಗೇ ನಕ್ಕಳು. "ಈ ಮಸಿ ನಿಜದ್ದು," ಎಂದು ಬರೆದುಕೊಂಡು, ಸಹಿಗೆ ಕಚೇರಿಗೆ ಬನ್ನಿ ಎಂದು ಹೇಳಿ ಹೋದಳು.

ಕಚೇರಿಯಲ್ಲಿ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಸೊಸೆ ಅರ್ಧ ದಿನದ ರಜೆ ಹಾಕಿ ಜೊತೆಗೆ ಬಂದಿದ್ದಳು. ದಾರಿಯುದ್ದಕ್ಕೂ ಒಂದೇ ಜಪ. "ಅತ್ತೆ, ಕೇಳಿದ್ದಕ್ಕೆ ಮಾತ್ರ ಉತ್ತರ. ಮೇಲೊಂದು ಮಾತು ಬೇಡ."

ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಹಾಳೆಯನ್ನು ಇವರ ಕಡೆ ತಿರುಗಿಸಿದಳು. "ಎಲ್ಲಾ ಸರಿಯಾಗಿದೆ ಅಜ್ಜಿ. ಒಲೆ ಬೇರೆ, ಕೊಳ್ಳೋದು ಬೇರೆ. ಮುಂದಿನ ತಿಂಗಳಿಂದ ನಿಮ್ಮ ಹೆಸರಲ್ಲೇ ಕಾರ್ಡ್ ಬರುತ್ತೆ. ಒಂದು ಮಾತು ಕೇಳಲೇಬೇಕು, ನಿಯಮ." ಅವಳು ಸೊಸೆಯ ಕಡೆ ನೋಡಿದಳು. "ನೀವಾಗಲಿ ನಿಮ್ಮ ಮಗಳಾಗಲಿ ಅಜ್ಜಿಯ ಪಾತ್ರೆಯಿಂದ ಉಣ್ತೀರಾ?"

"ಇಲ್ಲ ಮೇಡಂ," ಎಂದಳು ಸೊಸೆ, ಕಡ್ಡಿ ಮುರಿದ ಹಾಗೆ.

"ಉಣ್ತಾಳೆ," ಎಂದಳು ಸೌಟಮ್ಮ. "ಮೊಮ್ಮಗಳು. ದಿನಾ ಅಲ್ಲ. ಆಲೂಗಡ್ಡೆ ಹಾಕಿದ ದಿನ."

ಸೊಸೆ ಅತ್ತೆಯ ತೋಳು ಹಿಡಿದು ಜಗ್ಗಿದಳು. ಇನ್‌ಸ್ಪೆಕ್ಟರ್ ಪೆನ್ನನ್ನು ಕೆಳಗಿಟ್ಟು, ತಲೆ ಸ್ವಲ್ಪ ಮುಂದೆ ಚಾಚಿ, ದನಿ ತಗ್ಗಿಸಿದಳು. "ಅಜ್ಜಿ, ಅದನ್ನ ನಾನು ಕೇಳಿಸಿಕೊಂಡಿಲ್ಲ. ಇಲ್ಲಿ ಕೊನೇ ಸಾಲು ಇದೆ ನೋಡಿ. ನನ್ನ ಕಾರ್ಡಿನ ಪದಾರ್ಥವನ್ನು ನಾನು ಬೇರೆ ಯಾರಿಗೂ ಉಣಿಸುವುದಿಲ್ಲ ಅಂತ. ಎಲ್ಲರೂ ಸಹಿ ಹಾಕ್ತಾರೆ. ಯಾರೂ ಬಂದು ನೋಡಲ್ಲ. ಹಾಕಿಬಿಡಿ."

"ಹಾಕಲ್ಲ."

"ಅತ್ತೆ," ಎಂದಳು ಸೊಸೆ.

"ನೀನು ತಡಿ." ಸೌಟಮ್ಮ ಕುರ್ಚಿಯಲ್ಲಿ ನೆಟ್ಟಗೆ ಕುಳಿತಳು. "ಮಗಳೇ, ಮೊದಲು ಬೇಯಿಸೋಕೆ ಬರಲ್ಲ ಅನ್ನು ಅಂದ್ರಿ. ಅನ್ನಲಿಲ್ಲ. ಒಲೆ ಬೇರೆ ಮಾಡು ಅಂದ್ರಿ. ಕರುಳು ಕಿತ್ತುಬಂದ್ರೂ ಮಾಡಿದೆ. ಈಗ ಉಣಿಸಲ್ಲ ಅಂತ ಬರ್ಕೊಡು ಅಂತೀರಿ. ನಾನು ಡಿಪೋದಲ್ಲಿ ಎಷ್ಟು ಜನಕ್ಕೆ ಬಡಿಸಿದೀನಿ. ಅವರೆಲ್ಲ ನನ್ನ ಮನೆಯವರಾಗಿಬಿಟ್ರಾ? ಪಕ್ಕದ ಮನೆ ಕೂಸಿಗೆ ತುತ್ತು ಕೊಟ್ರೆ ಎರಡು ಮನೆ ಒಂದಾಗುತ್ತಾ? ಹಾಗೆ ಒಂದಾಗೋ ಹಾಗಿದ್ರೆ ಈ ಊರಲ್ಲಿ ಗೋಡೆನೇ ಇರ್ತಿರಲಿಲ್ಲ."

ಸಾಲಿನಿಂದ ಒಂದು ಗಂಡುದನಿ ಬಂತು. "ಅಜ್ಜಿ, ಬೇಗ ಸಹಿ ಹಾಕಿ ಮಾರಾಯ್ತಿ. ನಮ್ಮ ಹೊಟ್ಟೆನೂ ಕಾಯ್ತಿದೆ."

"ಕಾಯಲಿ," ಎಂದಳು ಸೌಟಮ್ಮ ತಿರುಗದೆ. "ಕಾದ ಹೊಟ್ಟೆಗೇ ರುಚಿ."

ಸಾಲು ನಕ್ಕಿತು. ಇನ್‌ಸ್ಪೆಕ್ಟರ್ ನಗಲಿಲ್ಲ. "ಸಹಿ ಇಲ್ಲದಿದ್ರೆ ಕಾರ್ಡ್ ಇಲ್ಲ ಅಜ್ಜಿ. ನನ್ನ ಕೈಯಲ್ಲಿಲ್ಲ. ಸುಮ್ನೆ ಒಂದು ಸಾಲಿಗೋಸ್ಕರ..." ಅವಳು ಸೊಸೆಯ ಕಡೆ ತಿರುಗಿದಳು. "ನೀವಾದ್ರೂ ಹೇಳಿ."

ಸೊಸೆ ತನ್ನ ಬಿಳಿಚಿದ ಬೆರಳುಗಳನ್ನು ನೋಡಿಕೊಂಡಳು. ಎರಡನೇ ಪಾಳಿಗೆ ಹೊತ್ತಾಗುತ್ತಿತ್ತು. ಅತ್ತೆಯ ಕಡೆ ಒಮ್ಮೆ ನೋಡಿ, ಉಸಿರೆಳೆದುಕೊಂಡು ಹೇಳಿದಳು.

"ಆಗಲೇ ಸುಳ್ಳು ಹೇಳಿದೆ ಮೇಡಂ. ಮಗಳು ಉಣ್ತಾಳೆ. ನಾನೂ ಒಂದು ದಿನ ಉಂಡೆ, ಅವರು ನಿದ್ದೆ ಮಾಡ್ತಿದ್ದಾಗ. ಉಪ್ಪು ಜಾಸ್ತಿಯಾಗಿತ್ತು."

ಸೌಟಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಜಾಸ್ತಿಯಾಗಿತ್ತಾ?"

"ಜಾಸ್ತಿಯಾಗಿತ್ತು."

"ಆವತ್ತೇ ಹೇಳೋಕೇನಾಗಿತ್ತು?" ಎಂದು ಗದರಿ, ಸೌಟಮ್ಮ ಮೇಜಿನ ಮೇಲಿದ್ದ ಪೆನ್ನನ್ನು ಕೈಗೆತ್ತಿಕೊಂಡಳು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು. ಕೊನೆಯ ಸಾಲು ಎಲ್ಲಿದೆ ಎಂದು ಸೊಸೆಯನ್ನೇ ಕೇಳಿದಳು. ಸೊಸೆ ಬೆರಳಿಟ್ಟು ತೋರಿಸಿದಳು. ನಡುಗುವ ಕೈ ಎಳೆದ ಗೆರೆ ಅಂಕುಡೊಂಕಾಗಿ ಹೊರಟು, ಮೇಲೆ ಹತ್ತಿ ಕೆಳಗೆ ಇಳಿದು, ಸಾಲಿನ ಒಂದಕ್ಷರವನ್ನೂ ಬಿಡದೆ ಕೊನೆಯವರೆಗೆ ಹೊಡೆದು ಹಾಕಿತು. ಅದರ ಕೆಳಗೆ ಸೌಟಮ್ಮ ತನ್ನ ಹೆಸರು ಬರೆದಳು. ಹೆತ್ತವರು ಇಟ್ಟ ಹೆಸರು.

"ಅಯ್ಯೋ ಅಜ್ಜಿ, ಹೀಗೆ ಹೊಡೆದು ಹಾಕೋಹಾಗಿಲ್ಲ. ಮೇಲಿನವರು ವಾಪಸ್ ಕಳಿಸ್ತಾರೆ."

"ಕಳಿಸಲಿ. ನಾನೂ ವಾಪಸ್ ಬರ್ತೀನಿ. ಆ ಸಾಲು ಬಿಟ್ಟು ಬಾಕಿ ಎಲ್ಲಾ ನಿಜ, ಅದಕ್ಕೆ ನನ್ನ ಸಹಿ."

ಇನ್‌ಸ್ಪೆಕ್ಟರ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹರಿದು ಹಾಕಲಿಲ್ಲ, ಹೊಸ ಹಾಳೆಯನ್ನೂ ತೆಗೆಯಲಿಲ್ಲ. ಮುದ್ರೆಯನ್ನು ಹುಡುಕಿ, ಶಾಯಿಯ ಡಬ್ಬಿಗೆ ಒತ್ತಿ, ಹಾಳೆಯ ಮೇಲೆ ಹಿಡಿದು ತಡೆದಳು. "ಸರಿ, ಕಳಿಸ್ತೀನಿ. ಆದ್ರೆ ಕೂತ್ಕೊಳ್ಳಿ ಅಜ್ಜಿ, ಹೊಡೆದು ಹಾಕಿದ್ದಕ್ಕೆ ಕಾರಣ ಅಂತ ನಾನು ಪಕ್ಕದಲ್ಲಿ ಏನಾದ್ರೂ ಬರೀಬೇಕು. ನಾಳೆ ನನ್ನನ್ನ ಕೇಳ್ತಾರೆ. ಏನಂತ ಬರೀಲಿ ಹೇಳಿ, ನೀವೇ ಹೇಳಿದ ಹಾಗೆ..."

ಸೌಟಮ್ಮ ಆಗಲೇ ಎದ್ದಾಗಿತ್ತು. ಸೊಸೆಯ ಕೈಚೀಲವನ್ನು ತಾನೇ ಹೆಗಲಿಗೇರಿಸಿ, "ನಡಿಯೇ, ನಿನ್ನ ಪಾಳಿಗೆ ಹೊತ್ತಾಯ್ತು," ಎಂದು ಸಾಲನ್ನು ಸೀಳಿಕೊಂಡು ಹೊರಟಳು. ಸಾಲಿನವರು ಎರಡೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಿಂದೆ ಇನ್‌ಸ್ಪೆಕ್ಟರ್ ಇನ್ನೂ ಮಾತಾಡುತ್ತಿದ್ದಳು, "ಅಜ್ಜಿ, ಒಂದೇ ನಿಮಿಷ, ಕಾರಣ ಇಲ್ಲದೆ ಇದನ್ನ ಯಾರೂ..." ಅಷ್ಟರಲ್ಲಿ ಸೌಟಮ್ಮ ಮೆಟ್ಟಿಲಿಳಿಯತೊಡಗಿದ್ದಳು.